ಕಾಫಿ ಕುಡಿದ ಖಾಲಿ ಹೊಟ್ಟೆ

ನನಗೆ ಸಿಟ್ಟು ಬಂದರೆ ಯಾರೂ ಹೆದರುವುದಿಲ್ಲ. ದಿನವಿಡೀ ಕಂಡಕಂಡವರ ದನಿ ಅಣಕಿಸುವವನು ನಿಜವಾಗಿ ಕೂಗಾಡಿದರೂ ಜನ ‘ಇದು ಯಾರದು?’ ಎಂದು ನಗುತ್ತಾರೆ. ಆದರೂ ಹೇಳಿಬಿಡುತ್ತೇನೆ: ಮೈಸೂರಿನವರ ಮೇಲೆ ನನಗೆ ವಿಪರೀತ ಸಿಟ್ಟಿದೆ.

ಸಕ್ಕರೆ ಕಾಯಿಲೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನಾನು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದವರ ರಕ್ತ ತೆಗೆದು ಪರೀಕ್ಷಿಸುತ್ತೇನೆ. ಒಂದು ವರ್ಷದಿಂದ ಕೂಡಿಟ್ಟ ಆ ಫಲಿತಾಂಶಗಳೇ ನನ್ನ ಪ್ರಬಂಧದ ಜೀವ. ಮೊನ್ನೆ ಕೆಸರೆಯ ಚಿಕ್ಕತಾಯಮ್ಮನವರು ತೋಳು ಚಾಚಿ ಕೂತರು.

“ಏನಾದ್ರೂ ತಿಂದ್ರಾ ಅಮ್ಮ?”

“ಮಾದಪ್ಪನಾಣೆ, ಒಂದ್ ಅಗುಳೂ ಮುಟ್ಟಿಲ್ಲ ಕಣಪ್ಪ. ಬರೀ ಕಾಪಿ ಕುಡ್ದು ಬಂದ್ಬುಟ್ಟೆ.”

“ಸಕ್ಕರೆ ಹಾಕಿದ್ದಾ?”

“ಇನ್ನೇನ್, ಉಪ್ಪಾಕ್ಕಂಡು ಕುಡೀತಾರಾ?”

ಸೂಜಿ ಕೈಯಲ್ಲೇ ಉಳಿಯಿತು. ಹಳೆಯ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಅರ್ಧಕ್ಕರ್ಧ ಜನ ಕಾಫಿ ಮುಗಿಸಿಯೇ ಬಂದವರು! ಸರಸ್ವತಿಪುರಂನ ನಿವೃತ್ತ ಮೇಷ್ಟ್ರಂತೂ “ಕಾಫಿ ಹೇಗ್ರೀ ತಿಂಡಿ ಆಗುತ್ತೆ?” ಎಂದು ನನಗೇ ಪಾಠ ಮಾಡಿದರು. ಶಾಸ್ತ್ರವೂ ಅವರ ಕಡೆಗೇ ಇದೆ. ಏಕಾದಶಿಗೆ ಅನ್ನ ಬಿಟ್ಟವರು ಕಾಫಿ ಬಿಟ್ಟದ್ದನ್ನು ನಾನಂತೂ ಕಂಡಿಲ್ಲ. ದೇವರೇ ಒಪ್ಪಿಕೊಂಡ ಲೋಟಕ್ಕೆ ನನ್ನದೇನು ತಕರಾರು? ತಕರಾರಿದೆ ಸ್ವಾಮಿ! ದೇವರು ಪ್ರಬಂಧ ಒಪ್ಪಿಸಬೇಕಿಲ್ಲ.

ನನ್ನ ಗೈಡ್ ಮೇಡಂ, ನನಗೆಷ್ಟು ವಯಸ್ಸೋ ಅಷ್ಟು ವರ್ಷ ಈ ಕಾಯಿಲೆಯ ಬೆನ್ನು ಬಿದ್ದವರು. ಬೀಗರೂಟದಲ್ಲೂ ಜನ ಎಡಗೈಯಲ್ಲಿ ರಿಪೋರ್ಟು, ಬಲಗೈಯಲ್ಲಿ ಹೋಳಿಗೆ ಹಿಡಿದು ಅವರ ಸಲಹೆ ಕೇಳುತ್ತಾರೆ. ನಾನು ಉರಿಯುತ್ತಾ ಹೋಗಿ ಚಿಕ್ಕತಾಯಮ್ಮ, ಮೇಷ್ಟ್ರು ಇಬ್ಬರನ್ನೂ ಅಭಿನಯಿಸಿ ತೋರಿಸಿದೆ. ಮೇಡಂ ನಗಲಿಲ್ಲ.

“‘ತಿಂದ್ರಾ’ ಅಂತ ಕೇಳಿದ್ದೀರಿ, ‘ಕುಡಿದ್ರಾ’ ಅಂತ ಯಾಕ್ರೀ ಕೇಳಲಿಲ್ಲ? ಹೋಗ್ಲಿ, ಹೋಲಿಕೆಗೆ ಅಂತ ರಕ್ತ ಕೊಟ್ಟ ಆರೋಗ್ಯವಂತರ ಪಟ್ಟಿಯಲ್ಲಿ ಒಂದನೇ ನಂಬರ್ ನೀವೇ ಅಲ್ವಾ? ಅವತ್ತು ನೀವೇನು ಕುಡಿದಿದ್ರಿ?”

ದಟ್ಟಗಳ್ಳಿಯ ನಮ್ಮ ಮನೆಯಲ್ಲಿ ಅಮ್ಮ ಕೊಟ್ಟ ಲೋಟ ಬರಿದು ಮಾಡದೆ ನಾನು ಎಂದಾದರೂ ಹೊಸ್ತಿಲು ದಾಟಿದ್ದುಂಟೇ? ಬಾಯಿಗೆ ನನ್ನ ದನಿ ಬರಲಿಲ್ಲ, ಚಿಕ್ಕತಾಯಮ್ಮನವರದೇ ಬಂತು: “ಬರೀ ಕಾಪಿ, ಮೇಡಂ.”

ಒಂದನೇ ನಂಬರನ್ನು ನಾನೇ ಹೊಡೆದು ಹಾಕಿದೆ. ವರ್ಷದ ಕೆಲಸ ಮತ್ತೆ ಮೊದಲಿಂದ. ಈಗ ನನ್ನ ಮೊದಲ ಪ್ರಶ್ನೆಯೇ ‘ಕಾಫಿ ಆಯ್ತಾ?’ ನಮ್ಮೂರಲ್ಲಿ ಅದು ತನಿಖೆಯಲ್ಲ, ನಮಸ್ಕಾರ. ಎಲ್ಲರೂ ಸಲೀಸಾಗಿ ನಿಜ ಹೇಳುತ್ತಾರೆ. ತಿರುಗಿ “ನಿಮ್ದಾಯ್ತಾ?” ಎಂದೂ ವಿಚಾರಿಸುತ್ತಾರೆ.

ಅವರನ್ನು ಕಾಫಿಯಿಲ್ಲದೆ ಕೂರಿಸಿ ನಾನು ಕುಡಿದು ಬರುವುದು ಹೇಗೆ? ಕೊನೆಯವರ ರಕ್ತ ತೆಗೆಯುವ ತನಕ ನನ್ನದು ಆಗಿರುವುದಿಲ್ಲ. ಸಿಟ್ಟು ಇನ್ನೂ ಇಳಿಯದಿರುವುದಕ್ಕೆ ಅದೂ ಒಂದು ಕಾರಣ.