ಊರಿಲ್ಲದ ಊರಿನ ಟೀಮು

ನಮ್ಮ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಮೇಲೂ ಅದರ ಹೆಸರಿನ ಕಬಡ್ಡಿ ಟೀಮು ಉಳಿದಿತ್ತು. ಬೀಳಗಿ ಕಡೆಯ ಪುನರ್ವಸತಿ ಕೇಂದ್ರಕ್ಕೆ ಬರುವಾಗ ಎಲ್ಲರೂ ಬಾಗಿಲು, ತೊಲೆ ಕಿತ್ತು ತಂದರೆ ಅಪ್ಪ ಟೀಮನ್ನೂ ಹೊತ್ತು ತಂದ ಎಂದು ಅವ್ವ ಆಡಿಕೊಳ್ಳುತ್ತಿದ್ದಳು. ಊರಿನ ಮಂದಿ ದಿಕ್ಕಾಪಾಲಾದರು. ಕೆಲವರು ಜಮಖಂಡಿಗೆ ಹೋದರು, ಕೆಲವರು ಬನಹಟ್ಟಿಯ ಮಗ್ಗಗಳಿಗೆ ಸೇರಿದರು. ಹೋದವರ ಜಾಗಕ್ಕೆ ಹುನ್ನೂರಿನ ಹುಡುಗರು, ರನ್ನ ಬೆಳಗಲಿಯ ಹುಡುಗರು ಬಂದರು. ಕೊನೆಗೆ ಟೀಮಿನಲ್ಲಿ ನಿಜವಾದ ಊರಿನವನೆಂದು ಉಳಿದದ್ದು ನನ್ನ ಅಣ್ಣನೊಬ್ಬನೇ.

ಅಣ್ಣ ರೈಡರ್. ಎದುರಾಳಿಗಳ ಅಂಕಣಕ್ಕೆ ನುಗ್ಗಿ, ಮುಟ್ಟಿ, ಉಸಿರು ಹೋಗುವುದರೊಳಗೆ ಮರಳುವ ಕೆಲಸ ಅವನದು. ಟೀಮಿನ ಹಿರಿಯನಾಗಿ ಯಾರು ಇರಬೇಕು, ಯಾರು ಬೇಡ ಎಂದು ತೀರ್ಮಾನಿಸುವ ಕೆಲಸ ಅಪ್ಪನದು. ಆ ವರ್ಷ ಈ ಎರಡು ಕೆಲಸಗಳು ಒಂದಕ್ಕೊಂದು ಡಿಕ್ಕಿ ಹೊಡೆದವು.

ಜಮಖಂಡಿಯ ಟೂರ್ನಮೆಂಟಿನವರು ಹೊಸ ನಿಯಮ ತಂದಿದ್ದರು. ದುಡ್ಡಿದ್ದವರು ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳಬಾರದು ಎಂದು ಹಿಂದಿನ ವರ್ಷದ ಆಟ ನೋಡಿ ಪ್ರತಿಯೊಬ್ಬನಿಗೂ ಇಷ್ಟು ಪಾಯಿಂಟು ಎಂದು ಬೆಲೆ ಕಟ್ಟಿದರು. ಯಾವ ಟೀಮಿನ ಒಟ್ಟು ಬೆಲೆಯೂ ಮಿತಿ ದಾಟುವಂತಿಲ್ಲ. ಬೇಕಾದರೆ ಟೀಮುಗಳು ತಮ್ಮತಮ್ಮಲ್ಲಿ ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು. ಅಣ್ಣ ಹಿಂದಿನ ವರ್ಷ ಮೈಮರೆತು ಆಡಿದ್ದೇ ಅವನಿಗೆ ಮುಳುವಾಯಿತು. ನಮ್ಮ ಪಾಯಿಂಟುಗಳಲ್ಲಿ ಅರ್ಧ ಅವನೊಬ್ಬನ ಬೆಲೆಗೇ ಹೋಯಿತು.

ಅಪ್ಪ ಪರಾತದ ತಟ್ಟೆಗೆ ಶೇಂಗಾ ಸುರುವಿಕೊಂಡು ಕೂತ. ಒಂದು ಕಾಯಿಗೆ ಒಂದು ಪಾಯಿಂಟು. ಅಣ್ಣನದು ದೊಡ್ಡ ಗುಡ್ಡೆ, ಉಳಿದವರದೆಲ್ಲ ಸೇರಿ ಇನ್ನೊಂದು. ನಾನಾಗ ಬೀಳಗಿಯಲ್ಲಿ ಶಾಲೆಯ ಟೀಚರು, ಬೇಸಿಗೆ ರಜೆಗೆ ಮನೆಯಲ್ಲಿದ್ದೆ. ಅಪ್ಪ ಗುಡ್ಡೆ ಸರಿಸುವಾಗ ಎರಡು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡೆ.

"ಏ ಹುಡುಗಿ, ಮೂಲ್ಯಾಗ ನಿಂತು ರೈಡರನ್ನ ಹಿಡಿಯಾಂವನ್ನ ತಿಂದಿ ನೋಡು," ಅಂದ ಅಪ್ಪ. ಮುಖದಲ್ಲಿ ನಗು ಇರಲಿಲ್ಲ.

ಮುಧೋಳದ ಟೀಮಿನವರು ಅಣ್ಣನನ್ನು ಕೇಳಿದ್ದರು. ಬದಲಿಗೆ ಇಬ್ಬರು ಗಟ್ಟಿ ಹಿಡಿತದವರನ್ನೂ ಒಬ್ಬ ಹರೆಯದ ರೈಡರನನ್ನೂ ಕೊಡುತ್ತಿದ್ದರು. ಮೂವರ ಬೆಲೆ ಕೂಡಿಸಿದರೂ ಅಣ್ಣನ ಗುಡ್ಡೆಗಿಂತ ಚಿಕ್ಕದು.

"ಬೆಲಿ ಇದ್ದಾಗ ಕೊಡಬೇಕು. ವಯಸ್ಸಾತು, ಮುಂದಿನ ವರ್ಷ ಇವನ್ನ ಯಾರೂ ಕೇಳೂದಿಲ್ಲ," ಅಂದ ಅಪ್ಪ.

"ಎತ್ತು ಮಾರಿದಂಗ ಮಾತಾಡಬ್ಯಾಡ್ರಿ," ಅಂದಳು ಅವ್ವ.

ಅಣ್ಣ ಬಾಗಿಲಿಗೆ ಒರಗಿ ನಿಂತಿದ್ದ. "ಅಪ್ಪಾ, ಮೈಕಿನ್ಯಾಗ ಊರ ಹೆಸರು ಕೂಗಿದ ಕೂಡ್ಲೆ ಊರಿನಾಂವನ ಮೊದಲ ಓಡಬೇಕಂತ ನೀನ ಪದ್ಧತಿ ಮಾಡಿದಿ. ನಾ ಹ್ವಾದರ ಯಾರ ಓಡತಾರ?"

"ಗೆದ್ದರ ಹೆಸರು ಉಳಿತೈತಪಾ. ಕಪ್ಪಿನ ಮ್ಯಾಲ ಒಮ್ಮಿ ಬರದ್ರಂದ್ರ ಅದನ್ನ ಯಾ ನೀರೂ ಮುಳಗಸೂದಿಲ್ಲ."

ಅಪ್ಪನ ಲೆಕ್ಕದಲ್ಲಿ ತಪ್ಪಿರಲಿಲ್ಲ. ನನಗೆ ಸಿಟ್ಟು ಬಂದದ್ದೇ ಅದಕ್ಕೆ. ಮಾರನೆಯ ದಿನ ಅಣ್ಣ ಮುಧೋಳದ ಟೀಮಿನವನಾದ.

ಆ ಬೇಸಿಗೆ ಹಿನ್ನೀರು ಬಹಳ ಇಳಿದಿತ್ತು. ಹಳೆಯ ಊರಿನ ಗೋಡೆಗಳು ಮೊಣಕಾಲುದ್ದ ಮೇಲೆ ಬಂದಿದ್ದವು. ಅಣ್ಣ ತಯಾರಿಗೆ ಮುಧೋಳಕ್ಕೆ ಹೋಗುವ ಬದಲು ಅಲ್ಲಿಗೆ ಹೋಗುತ್ತಿದ್ದಾನೆ ಎಂದು ಅವ್ವ ನನ್ನ ಕೈಯಲ್ಲಿ ಬುತ್ತಿ ಕಳಿಸಿದಳು. ಹಳೆಯ ಟೀಮು ಆಡುತ್ತಿದ್ದ ಗರಡಿಮನೆಯ ಮುಂದೆ ಬಿರುಕು ಬಿಟ್ಟ ಕೆಸರಿನ ಮೇಲೆ ಅಣ್ಣ ಒಬ್ಬನೇ ಆಡುತ್ತಿದ್ದ. ಎದುರಿಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಎಡಕ್ಕೆ ಯಾರದೋ ಕೈ ತಪ್ಪಿಸುತ್ತಿದ್ದ, ಬಲಕ್ಕೆ ಯಾರನ್ನೋ ಹಾರಿ ದಾಟುತ್ತಿದ್ದ. ಒಮ್ಮೆ ಸಿಕ್ಕಿಬಿದ್ದವನಂತೆ ನೆಲಕ್ಕೆ ಬಿದ್ದು, ಯಾರನ್ನೋ ನೋಡಿ ನಕ್ಕ.

"ಯಾರ ಕೂಡ ಆಡಾಕತ್ತಿ ಅಣ್ಣಾ?"

"ಎಲ್ಲಾರೂ ಅದಾರಲ್ಲ," ಅಂದ, ಮೈಮೇಲಿನ ಮಣ್ಣು ಕೊಡವುತ್ತ.

ಬುತ್ತಿ ಅಲ್ಲೇ ಇಟ್ಟು, ಹಿಂದೆ ನೋಡದೆ ಬಂದೆ. ಈಗಲೂ ಆ ನಗು ಕನಸಿನಲ್ಲಿ ಬಂದರೆ ಎದ್ದು ಕೂರುತ್ತೇನೆ.

ಅಪ್ಪ ಎಣಿಸಿದಂತೆಯೇ ಆಯಿತು. ಹೊಸ ಹುಡುಗರು ಹಿಡಿದವರನ್ನು ಬಿಡಲಿಲ್ಲ. ಟೀಮು ಫೈನಲ್ಲಿಗೆ ಬಂತು. ಎದುರಿಗೆ ಮುಧೋಳ. ಜಮಖಂಡಿಯ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವ್ವ ಬರುವುದಿಲ್ಲ ಎಂದಿದ್ದಳು. ನಾನು ಅಪ್ಪನ ಪಕ್ಕದಲ್ಲಿ ಕೂತಿದ್ದೆ.

ಮೈಕಿನವನು ಗಂಟಲು ಸರಿಮಾಡಿಕೊಂಡು ನಮ್ಮ ಊರಿನ ಹೆಸರು ಕೂಗಿದ. ನಮ್ಮ ಹುಡುಗರು ಇನ್ನೂ ಏಳುತ್ತಿದ್ದರು. ಅಷ್ಟರಲ್ಲಿ ಎದುರಿನ ಸಾಲಿನಿಂದ ಅಣ್ಣ ಎದ್ದು ಓಡಿದ. ಮುಧೋಳದ ಹಳದಿ ಅಂಗಿಯಲ್ಲೇ ಗೆರೆ ದಾಟಿದ, ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡ, ನಮ್ಮ ಅಂಕಣದ ಎಡಮೂಲೆಯಲ್ಲಿ ಹೋಗಿ ನಿಂತ. ಮಂದಿ ಮೊದಲು ನಕ್ಕರು. ಹಿಂದೆ ಯಾರೂ ಬರುತ್ತಿಲ್ಲವಲ್ಲ ಎಂದು ಅಣ್ಣ ತಿರುಗಿ ನೋಡಿದ. ಆಮೇಲೆ ಬಗ್ಗಿ ತನ್ನ ಅಂಗಿ ನೋಡಿಕೊಂಡ. ನಗು ನಿಂತಿತು.

ಎಲ್ಲರೂ ಅಪ್ಪನ ಕಡೆ ನೋಡಿದರು. ನೀನು ಆ ಕಡೆಯವನು ಎಂದು ಅವನೇ ಹೇಳಬೇಕಿತ್ತು. ಅಪ್ಪ ಎದ್ದು ನಿಂತ, ಮತ್ತೆ ಕೂತ. ಕೊನೆಗೆ ಅಂಪೈರನೇ ಅಣ್ಣನ ರಟ್ಟೆ ಹಿಡಿದು ಆ ಕಡೆ ಕರೆದುಕೊಂಡು ಹೋದ. ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಆಟದಲ್ಲಿ ಅಣ್ಣ ಮುಧೋಳಕ್ಕಾಗಿ ಜೀವದ ಹಂಗು ಬಿಟ್ಟು ಆಡಿದ. ಆದರೂ ನಾವೇ ಗೆದ್ದೆವು. ಕಪ್ಪು ತಗೊಳ್ಳಲು ಊರಿನವರು ವೇದಿಕೆಗೆ ಬರಬೇಕು ಎಂದು ಮೈಕು ಕರೆಯಿತು. ಅಪ್ಪ ವೇದಿಕೆಗೆ ಹೋಗದೆ ನೇರವಾಗಿ ಮುಧೋಳದವರ ನಡುವೆ ಹೋಗಿ ಅಣ್ಣನ ಕೈ ಹಿಡಿದ.

"ಬಾರಪಾ. ಟೀಮಿನ್ಯಾಗ ಊರಿನವರಂದ್ರ ನಾವಿಬ್ಬರ ಅದೀವಿ."

ಅಣ್ಣ ಮೆಲ್ಲಗೆ ಕೈ ಬಿಡಿಸಿಕೊಂಡ. "ನೀ ಒಬ್ಬನ ಅದೀ ಅಪ್ಪಾ. ನನ್ನ ಕೊಟ್ಟೀಯಲ್ಲ."

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದನೇನೋ. ಅಪ್ಪ ಒಬ್ಬನೇ ವೇದಿಕೆ ಹತ್ತಿದ. ಕಪ್ಪು ಭಾರವಿತ್ತು. ಮುಧೋಳದಿಂದ ಬದಲಿಗೆ ಬಂದ ಹರೆಯದ ರೈಡರ್ ಇನ್ನೊಂದು ಕಡೆ ಹಿಡಿದುಕೊಂಡ. ಕಪ್ಪಿನ ಮೇಲೆ ಬರೆದ ಹೆಸರನ್ನು ಬಾಗಿ ಓದಿ, "ಕಾಕಾ, ಈ ಊರು ಎಲ್ಲಿ ಬರತೈತ್ರಿ?" ಎಂದು ಕೇಳಿದ. ಮೈಕಿನ ಹತ್ತಿರವೇ ನಿಂತಿದ್ದರಿಂದ ಅದು ಮೈದಾನಕ್ಕೆಲ್ಲ ಕೇಳಿಸಿತು.

ಅಪ್ಪ ಉತ್ತರಕ್ಕಾಗಿ ಅಣ್ಣನನ್ನು ಹುಡುಕಿದ. ಅಣ್ಣ ಆಗಲೇ ಮುಧೋಳದವರ ಟೆಂಪೋ ಹತ್ತಿದ್ದ.