ಚಿಮಣಿಯ ಮೇಲಿನ ಹಕ್ಕಿ

ಕ್ರಿಸ್‌ಮಸ್ ಹಬ್ಬದ ಹಳೆಯ ಚಿತ್ರಗಳನ್ನು ಕೈಯಲ್ಲೇ ನಕಲು ಬರೆದು ಮಾರುತ್ತಿದ್ದ ಚಿತ್ರಗಾರರೊಬ್ಬರನ್ನು ಬೀದಿಯವರೆಲ್ಲ ಹದ್ದುಗಣ್ಣಿನ ಮಾಮ ಎಂದೇ ಕರೆಯುತ್ತಿದ್ದರು. ಮೂಲದಲ್ಲಿ ಸಾಸಿವೆಯಷ್ಟು ಚುಕ್ಕೆಯಿದ್ದರೂ ನಕಲಿನಲ್ಲಿ ಅದು ಇರಲೇಬೇಕು. ಆ ಜಂಬದ ಜೊತೆಗೆ ಮೂಗಿನ ತುದಿಯಲ್ಲಿ ಕೋಪವೂ ಇತ್ತು.

ಹೆಚ್ಚು ಬಿಕರಿಯಾಗುತ್ತಿದ್ದದ್ದು ಒಂದೇ ಚಿತ್ರ: ಹಿಮ ಬಿದ್ದ ಮನೆ, ಬಾಗಿಲಲ್ಲಿ ಉಡುಗೊರೆ ಹಿಡಿದ ಅಜ್ಜ, ಚಾವಣಿಯ ಹೊಗೆ ಚಿಮಣಿಯ ಮೇಲೊಂದು ಕಂದು ಹಕ್ಕಿ. ಪಕ್ಕದಲ್ಲೇ ಕೂತು ಬರೆಯುತ್ತಿದ್ದ ಹೆಂಡತಿ ಒಮ್ಮೆ ಹಕ್ಕಿಯನ್ನು ಬರೆಯದೆ ಬಿಟ್ಟಳು.

"ಅದು ಹಕ್ಕಿ ಅಲ್ಲ ರೀ, ನಿಮ್ಮ ಟೀ ಕಲೆ."

"ಕಣ್ಣು ಕಾಣಲ್ವಾ ನಿಂಗೆ? ನನಗೇ ಹೇಳಿಕೊಡೋಕೆ ಬಂದ್ಯಾ?" ಎಂದು ಗಿರಾಕಿಗಳ ಎದುರೇ ಹರಿಹಾಯ್ದರು.

ಅವಳು ಕುಂಚ ತೊಳೆದು, ಒರೆಸಿ, ಡಬ್ಬಿಯಲ್ಲಿಟ್ಟಳು. ಮತ್ತೆಂದೂ ಅದನ್ನು ಮುಟ್ಟಲಿಲ್ಲ.

ವರ್ಷಗಳು ಕಳೆದು ಮೂಲದ ಹಾಳೆ ಹರಿದಾಗ, ಹಳೆ ಪುಸ್ತಕದ ಅಂಗಡಿಯಿಂದ ಅದೇ ಚಿತ್ರದ ಇನ್ನೊಂದು ಪ್ರತಿ ತಂದರು. ಬಿಡಿಸಿ ನೋಡಿದರೆ ಚಿಮಣಿ ಬೋಳು. ಹಳೆಯ ಹಾಳೆಯನ್ನು ಬೆಳಕಿಗೆ ಹಿಡಿದರು. ಹಕ್ಕಿಯ ಸುತ್ತ ಲೋಟದ ತಳದಷ್ಟೇ ಅಗಲದ ಮಸುಕು ಉಂಗುರವಿತ್ತು. ಊರ ಗೋಡೆಗಳ ಮೇಲೆಲ್ಲ ತಮ್ಮ ಟೀ ಕಲೆ ಹಕ್ಕಿಯಾಗಿ ಕೂತಿದೆ ಎನ್ನುವುದು ಹಾಗಿರಲಿ, ಆ ಒರೆಸಿಟ್ಟ ಕುಂಚ ನೆನಪಾಗಿ ನಾಚಿಕೆಯಿಂದ ಹಿಡಿಯಷ್ಟಾದರು.

ಮೇಜು ಒರೆಸಲು ಬಂದ ಹೆಂಡತಿ ಎರಡೂ ಹಾಳೆಗಳನ್ನು ನೋಡಿದಳು. ನಗಲಿ, ಬೈದಾದರೂ ಬಿಡಲಿ ಎಂದು ಅವರು ತಲೆ ತಗ್ಗಿಸಿ ಕಾದರು. ಅವಳು ಹೊಸ ಹಾಳೆಯ ಪಕ್ಕದಲ್ಲಿದ್ದ ಅವರ ಟೀ ಲೋಟವನ್ನು ಎತ್ತಿ, ದೂರದ ಕಿಟಕಿಯ ಬಳಿ ಇಟ್ಟು ಹೋದಳು.