ಬೀಟ್‌ರೂಟ್ ಸಾರು ಎಂದೆ

ಗೆಳೆಯರಿಗೆ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ, ಮನೆ ಒಡತಿಯ ಮುಖಕ್ಕೇ 'ಇದು ದನದ ಮಾಂಸ' ಎಂದವಳು ನಾನು. ಸುಳ್ಳು. ಈ ಸಲ ಅದನ್ನು ಬಿಟ್ಟು ಬರೆಯುತ್ತೇನೆ.

ಡಿಸೆಂಬರ್. ತಾಂಬರಂನಲ್ಲಿ ನಾಲ್ಕು ದಿನದಿಂದ ಮಳೆ. ಫ್ಯಾನ್ ಆರಿಸಿ ಹೊದ್ದು ಮಲಗುವಷ್ಟು ಚಳಿ. ಟೈಫಾಯ್ಡ್ ಬಿಟ್ಟ ಮೇಲೆ ಕೋಲಾರದಿಂದ ನನ್ನ ಬಳಿ ಬಂದಿದ್ದ ಅಮ್ಮ ಎದ್ದು ನಿಂತರೆ ತೂರಾಡುತ್ತಿದ್ದಳು. ಅನ್ನ ಸೇರುತ್ತಿರಲಿಲ್ಲ. ಅವಳು ಕೇಳಿದ್ದು ಒಂದೇ: ಮೆಣಸು ಹಾಕಿದ ದನದ ಬಾಡಿನ ಸಾರು.

ಲೋಕಲ್ ಟ್ರೇನಿನಲ್ಲಿ ಪಲ್ಲಾವರಂಗೆ ಹೋಗಿ ಅರ್ಧ ಕಿಲೋ ತಂದೆ. ಎರಡು ಕವರು ಸುತ್ತಿ, ಲ್ಯಾಪ್‌ಟಾಪ್ ಬ್ಯಾಗಿನೊಳಗಿಟ್ಟು. ದುಡ್ಡು ಕೊಟ್ಟು ಕೊಂಡದ್ದನ್ನು ಕಳ್ಳಮಾಲಿನ ಹಾಗೆ ತಂದೆ.

ಒಡತಿ ಮೇಲಿನ ಮಹಡಿಯಲ್ಲಿದ್ದರು. ಕುಂದಾಪುರದ ಕಡೆಯವರು, ಗಂಡನದು ಸಸ್ಯಾಹಾರಿ ಹೋಟೆಲು. ಮನೆ ಕೇಳಲು ಹೋದಾಗ, ಆ ತಮಿಳು ಊರಿನಲ್ಲಿ ನನ್ನ ಕನ್ನಡ ಕೇಳಿಯೇ 'ನಮ್ಮವರೇ' ಎಂದು ಬೀಗದ ಕೈ ಕೊಟ್ಟಿದ್ದರು. ಆ 'ನಮ್ಮವರು' ಯಾರೆಂದು ಅವರು ವಿವರಿಸಲಿಲ್ಲ. ನಾನೂ ಕೇಳಲಿಲ್ಲ. ಮನೆ ಬೇಕಿತ್ತು.

ಮಾಂಸ ಬೆಂದ ಮೇಲೆ ಬೀಟ್‌ರೂಟ್ ಹೆಚ್ಚಿ ಹಾಕಿದೆ. ರಕ್ತ ಹೆಚ್ಚುತ್ತದೆ ಎಂದು ಅಮ್ಮನಿಗೆ ಹೇಳಿದೆ. ನಿಜವೇನೆಂದರೆ, ಯಾರಾದರೂ ಕೇಳಿದರೆ ಹೇಳಲು ನನಗೊಂದು ತರಕಾರಿ ಬೇಕಿತ್ತು.

ಒಡತಿ ಕೇಳಿಯೇಬಿಟ್ಟರು. ಬಾಗಿಲಲ್ಲಿ, ಕೈಯಲ್ಲೊಂದು ಸ್ಟೀಲ್ ಲೋಟ.

"ಎಂತ ಮಾಡಿದ್ದು? ಶುಂಠಿ, ಮೆಣಸಿನ ಪರಿಮಳ ಮೇಲಿನವರೆಗೆ ಬಂತು."

"ಬೀಟ್‌ರೂಟ್ ಸಾರು, ಆಂಟಿ."

"ನಂಗೂ ಒಂದು ಲೋಟ ಕೊಡು ಮಾರಾಯ್ತಿ. ಗಂಟಲು ಪೂರಾ ಹೋಗಿದೆ."

"ಉಪ್ಪು ಜಾಸ್ತಿ ಆಗೋಯ್ತು, ಆಂಟಿ. ಬಾಯಿಗಿಡೋಕಾಗಲ್ಲ."

"ಅಷ್ಟೇ ಅಲ್ವಾ? ಬಿಸಿನೀರು ಹಾಕಿ ಸರಿ ಮಾಡ್ತೇನೆ. ಹೋಟೆಲಿನವರಿಗೆ ಉಪ್ಪಿನ ಪಾಠವಾ?" ನಕ್ಕು ಒಳಗೆ ಕಾಲಿಟ್ಟರು.

ನಾನು ಸೌಟು ಕೈಗೆ ತೆಗೆದುಕೊಂಡೆ. ತಿಳಿಯನ್ನಷ್ಟೇ ಬಸಿದು ಕೊಟ್ಟುಬಿಡೋಣ ಎಂದು ಯೋಚಿಸಿದೆನೇ? ಯೋಚಿಸಿದೆ. ಅಷ್ಟರಲ್ಲಿ ಅಮ್ಮ ಗೋಡೆ ಹಿಡಿದುಕೊಂಡು ಎದ್ದು ಬಂದಳು.

"ಬ್ಯಾಡಮ್ಮ. ಅದ್ರಾಗೆ ದನದ ಬಾಡೈತೆ. ನೀವು ತಿನ್ನೋರಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಬ್ರ ಬಾಯಿ ಯಾಕೆ ಕೆಡಿಸ್ತೀಯೆ?"

ಒಡತಿ ಲೋಟವನ್ನು ಕಟ್ಟೆಯ ಮೇಲಿಟ್ಟು ಹೋದರು. ಮರುದಿನ ಗಂಡನ ಫೋನು: ಊರಿಂದ ನೆಂಟರು ಬರುತ್ತಾರೆ, ತಿಂಗಳ ಕೊನೆಗೆ ಮನೆ ಬೇಕು. ಆ ನೆಂಟರ ಮೇಲೆ ನನಗಿನ್ನೂ ಸಿಟ್ಟಿದೆ, ಬರೀ ನೆಪಕ್ಕೆ ಹುಟ್ಟಿದವರ ಮೇಲೆ. ಅಮ್ಮನ ಮೇಲೂ ಇತ್ತು. ನಾನು ಆಡಬೇಕಿದ್ದ ಮಾತನ್ನು ನಿಲ್ಲಲಾರದ ಹೆಂಗಸು ಆಡಿದ್ದಳು.

ಆ ದಿನ ಒಡತಿ ಹೋದ ಮೇಲೆ ಬಾಗಿಲು ಹಾಕಿ ಬಂದಾಗ ಅಮ್ಮ ಆ ಲೋಟಕ್ಕೇ ಸಾರು ಬಗ್ಗಿಸಿಕೊಂಡು ಕುಡಿಯುತ್ತಿದ್ದಳು. ತುಟಿಯೆಲ್ಲ ಕೆಂಪು.

"ಉಪ್ಪೇ ಹಾಕಿಲ್ವಲ್ಲೇ," ಅಂದಳು.